ಗೋಡೆಯ ಮೊಳೆ, ಬಂಗಾರದ ತೋಳು

ಚಿತ್ರ ಬರೆಯಲು ಇಟ್ಟುಕೊಂಡಿರುವ ನನ್ನ ಈಸೆಲ್ ಮೇಲೆ ಒಂದು ಅಂಗಿಯ ತೋಳು ಎರಡು ತಿಂಗಳಿಂದ ಒಣಗುತ್ತಿದೆ. ಬೆರಳಲ್ಲಿ ಒತ್ತಿದರೆ ಒಳಗೆ ಇನ್ನೂ ಮೆತ್ತಗಿದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ 'ಯಹೂದಿ ವಧು' ಚಿತ್ರದಲ್ಲಿ ಗಂಡಸು ತೊಟ್ಟಿರುವ ಬಂಗಾರದ ಬಣ್ಣದ ತೋಳಿನ ನಕಲು ಅದು. ಅದಕ್ಕೂ ಮೊದಲು ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರ್‌ನ 'ಹಾಲು ಸುರಿಯುವ ಹೆಂಗಸು' ಚಿತ್ರದ ಗೋಡೆಯನ್ನು ನಕಲು ಮಾಡಿದ್ದೆ. ಮೂಲ ಚಿತ್ರಗಳೆರಡೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿವೆ. ನಾನು ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಕೂರುತ್ತೇನೆ.

ವರ್ಮೀರ್ ತನ್ನದನ್ನು ಬರೆದದ್ದು 1660ರ ಸುಮಾರಿಗೆ. ರೆಂಬ್ರಾಂಟ್‌ನದು ಅದೇ ದಶಕದ ಕೊನೆಯ ಭಾಗದ್ದು. ಒಂದೇ ದೇಶ, ಒಂದೇ ಎಣ್ಣೆಬಣ್ಣ. ಆದರೆ ಬ್ರಷ್ ಹಿಡಿದರೆ ಎರಡೂ ಬೇರೆ ಬೇರೆ ಕೆಲಸ.

ಗೋಡೆ ಸುಲಭ ಅಂದುಕೊಂಡಿದ್ದೆ. ಬಿಳಿ ಗೋಡೆ ತಾನೇ? ಟ್ಯೂಬಿನ ಬಿಳಿ ಬಳಿದೆ, ಸುಣ್ಣ ಹೊಡೆದ ಹಾಗಾಯಿತು. ಮತ್ತೆ ನೋಡಿದೆ. ಅಲ್ಲಿ ಬೂದು ಇದೆ, ಮಣ್ಣಿನ ಬಣ್ಣ ಇದೆ. ಕಿಟಕಿಯ ಪಕ್ಕದಲ್ಲೇ ಗೋಡೆ ಮಬ್ಬು, ದೂರ ಹೋದಂತೆ ಬೆಳಕು ಜಾಸ್ತಿ. ಮೇಲೆ ಒಂದು ಮೊಳೆ, ಅದಕ್ಕೊಂದು ಚಿಕ್ಕ ನೆರಳು. ಹೆಂಗಸಿನ ಬಲಗಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಆ ಗೆರೆಯಿಂದಲೇ ಅವಳು ಗೋಡೆಯಿಂದ ಬೇರೆಯಾಗಿ ಮುಂದೆ ಬಂದು ನಿಲ್ಲುತ್ತಾಳೆ. ಆ ಗೆರೆ ಕಣ್ಣಿಗೆ ಬೀಳಲು ನನಗೆ ಮೂರು ವಾರ ಬೇಕಾಯಿತು! ಅವಳ ಏಪ್ರನ್ನಿನ ನೀಲಿ ನೀಲಮಣಿಯದಲ್ಲ, ಲಾಜವರ್ದದ ಕಲ್ಲನ್ನು ಅರೆದು ಮಾಡಿದ ಬಣ್ಣ. ನಾನು ಬಳಸಿದ್ದು ಕಾರ್ಖಾನೆಯಲ್ಲಿ ತಯಾರಾದ ಅಂಥದೇ ನೀಲಿ, ಅಲ್ಟ್ರಾಮರೀನ್.

ತೋಳಿನದು ಬೇರೆಯೇ ಕಥೆ. ಅಲ್ಲಿ ಗೆರೆಯೇ ಇಲ್ಲ. ಬಣ್ಣವನ್ನು ಮೆತ್ತಿ, ಕೆರೆದು, ಗುಡ್ಡೆ ಹಾಕಿದ್ದಾನೆ. ಹತ್ತಿರದಿಂದ ಅದು ಬಟ್ಟೆಯೇ ಅಲ್ಲ, ಉಳುಮೆಯಾದ ನೆಲ. ನಾನು ಬ್ರಷ್ ಬಿಟ್ಟು ಬಣ್ಣ ಮೆತ್ತುವ ಚಾಕು ಹಿಡಿದೆ. ಒಂದು ರಾತ್ರಿ ಟೇಬಲ್ ಲ್ಯಾಂಪನ್ನು ಸುಮ್ನೆ ಪಕ್ಕಕ್ಕೆ ಸರಿಸಿದೆ. ತೋಳಿನ ಮೇಲಿದ್ದ ನೆರಳೂ ಸರಿಯಿತು. ದಪ್ಪ ಬಣ್ಣದ ಏಣುಗಳು ನಿಜವಾದ ನೆರಳು ಚೆಲ್ಲುತ್ತಿದ್ದವು. ಪಕ್ಕದಲ್ಲಿದ್ದ ಗೋಡೆಯ ನಕಲಿನಲ್ಲಿ ಮೊಳೆಯ ನೆರಳು ಮಾತ್ರ ಅಲ್ಲೇ ಇತ್ತು. ವರ್ಮೀರ್ ತನ್ನ ಕೋಣೆಯ ಬೆಳಕನ್ನು ಚಿತ್ರದೊಳಗೆ ಇಟ್ಟಿದ್ದಾನೆ. ರೆಂಬ್ರಾಂಟ್ ನಮ್ಮ ಕೋಣೆಯ ಬೆಳಕನ್ನು ಕೆಲಸಕ್ಕೆ ಹಚ್ಚುತ್ತಾನೆ. ನನಗೆ ಮೈ ಜುಮ್ಮೆಂದಿತು.

ಹಾಗಂತ ವರ್ಮೀರ್ ಬರೀ ನಯ ಅನ್ನೋದು ತಪ್ಪು. ಅವಳ ಹಳದಿ ರವಿಕೆ ಒರಟಾಗಿದೆ. ಬ್ರೆಡ್ಡಿನ ಮೇಲೆ ಪುಟ್ಟ ಪುಟ್ಟ ಬಣ್ಣದ ಚುಕ್ಕೆಗಳಿವೆ.

ರೆಂಬ್ರಾಂಟ್‌ನೂ ಎಲ್ಲ ಕಡೆ ಮೆತ್ತಿಲ್ಲ. ಗಂಡಸಿನ ಕೈ ವಧುವಿನ ಎದೆಯ ಮೇಲಿದೆ. ಅವಳ ಬೆರಳ ತುದಿ ಆ ಕೈಯನ್ನು ಮುಟ್ಟಿಯೂ ಮುಟ್ಟದಂತೆ ಇದೆ. ಅಲ್ಲಿ ಬಣ್ಣ ತೋಳಿನಷ್ಟು ದಪ್ಪವಿಲ್ಲ. ಅಷ್ಟು ಒರಟು ತೋಳಿನ ಪಕ್ಕ ಇರುವುದಕ್ಕೇ ಆ ಬೆರಳುಗಳು ಇಷ್ಟು ಮೃದು ಕಾಣುತ್ತವೆ, ಅಲ್ವಾ? ತೋಳು ಒಣಗಲಿ. ಆ ಕೈಗಳಿಗೆ ಹೊಸ ಕ್ಯಾನ್ವಾಸ್ ಬಿಗಿದು ಇಟ್ಟಿದ್ದೇನೆ.