ಬೆರಳು ಕಂಡುಹಿಡಿದ ಅಂಚು

ಮಂಗಳವಾರ, 17 ಸೆಪ್ಟೆಂಬರ್ 2024. ರಾತ್ರಿ.

ಸಂಜೆ ಅತ್ತೆಯ ಫೋನು ಬಂದಿತ್ತು. ಅದನ್ನು ಬರೆಯದೆ ನಿದ್ದೆ ಹತ್ತುವುದಿಲ್ಲ ಅನಿಸಿ ಕುಳಿತಿದ್ದೇನೆ.

ಮೊದಲು ಎಂದಿನ ಮಾತು. ಮಳೆ, ಮೊಣಕಾಲು, ಮಗಳ ಓದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತೆ ಹಾಗೆ ಸುಮ್ಮನಾದರೆ ಏನೋ ಕೇಳುವುದಿದೆ ಎಂದೇ ಅರ್ಥ.

"ಈ ಸಲದ ಕಾರ್ಡು ನಿನ್ನ ಕೈಕಾಗದದ್ದಲ್ಲ, ಅಲ್ಲವೇ ಪುಟ್ಟೀ?"

ನನಗೆ ಮಾತೇ ಹೊರಡಲಿಲ್ಲ. ಪ್ರತಿ ಋತುವಿಗೂ, ನಾನೇ ನಾರಿನ ತಿರುಳಿನಿಂದ ಮಾಡಿದ ಕಾಗದದಲ್ಲಿ ಒಂದು ಕಾರ್ಡು ಮಾಡಿ ಅತ್ತೆಗೂ ಇನ್ನು ಕೆಲವರಿಗೂ ಕಳಿಸುತ್ತೇನೆ. ಮಳೆಗಾಲದ ಕಾರ್ಡನ್ನು ಕಳಿಸಿ ತಿಂಗಳಾಗಿದೆ. ಬೂದು ಬಣ್ಣದ ಮೋಡ, ಬಿಳಿ ದಾರದಲ್ಲಿ ಹೊಲಿದ ಮಳೆಯ ಗೆರೆಗಳು. ಅದನ್ನು ಪಡೆದ ಉಳಿದವರೆಲ್ಲ ಚೆನ್ನಾಗಿದೆ ಎಂದಿದ್ದರು.

"ನಿಮಗೆ ಯಾರು ಹೇಳಿದರು ಅತ್ತೆ?"

"ಯಾರು ಹೇಳಬೇಕು? ಅಂಚೇ ಹೇಳಿತು. ನಿನ್ನ ಕಾಗದ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಗೆ ಗೊತ್ತೇ ಆಗುವುದಿಲ್ಲ. ತೆಳ್ಳಗಾಗುತ್ತ ಆಗುತ್ತ ಇಲ್ಲವಾಗಿಬಿಡುತ್ತದೆ. ಇದು ಹಾಗಿಲ್ಲ, ಥಟ್ಟನೆ ನಿಂತುಬಿಡುತ್ತದೆ. ತೆರೆದಾಗ ಸದ್ದೂ ಮಾಡಿತು. ನಿನ್ನ ಕಾಗದ ಎಂದೂ ಸದ್ದು ಮಾಡಿದ್ದಿಲ್ಲ."

ಒಪ್ಪಿಕೊಂಡೆ. ಈ ವರ್ಷ ಮಳೆ ಬಿಡಲೇ ಇಲ್ಲ, ತಿರುಳಿನಿಂದ ಎತ್ತಿದ ಹಾಳೆಗಳು ನಾಲ್ಕು ದಿನವಾದರೂ ಒಣಗಲಿಲ್ಲ, ಐದನೆಯ ದಿನ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಂಡಿತು, ಹನ್ನೆರಡು ಹಾಳೆಗಳನ್ನೂ ಎಸೆದೆ, ಕಚೇರಿಯಲ್ಲಿ ಬೇರೆ ಕೆಲಸ ಮೈಮೇಲೆ ಬಿದ್ದಿತ್ತು, ಕೊನೆಗೆ ಅಂಗಡಿಯಿಂದ ಚದರ ಮೀಟರಿಗೆ 250 ಗ್ರಾಂ ತೂಗುವ ದಪ್ಪ ಹಾಳೆ ತಂದು ಕತ್ತರಿಸಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಎಲ್ಲವೂ ನಿಜವೇ. ಆದರೂ ಹೇಳುತ್ತಿರುವಾಗಲೇ ಗಂಟಲು ಬಿಗಿಯಿತು. ಕಾರ್ಡಿನ ಹಿಂದೆ ಪ್ರತಿ ಸಲದಂತೆ 'ಕೈಯಿಂದ ಮಾಡಿದ್ದು' ಎಂದು ಬರೆದಿದ್ದೆನಲ್ಲ, ಆ ಎರಡು ಪದಗಳನ್ನು ಬರೆಯುವಾಗ ಪೆನ್ನು ಒಂದು ಕ್ಷಣ ತಡೆದಿತ್ತು. ತಡೆದದ್ದು ಈಗಲೂ ನೆನಪಿದೆ.

ಅತ್ತೆ ಬೇಸರಿಸಿಕೊಳ್ಳಲಿಲ್ಲ. "ಹೊಲಿಗೆ ನಿನ್ನದೇ. ಅದು ಗೊತ್ತಾಯಿತು" ಎಂದರು.

ಆಗ ಹೊಳೆಯಿತು. "ಅತ್ತೆ, ಬೆರಳು ಬೆರಳು ಎನ್ನುತ್ತಿದ್ದೀರಲ್ಲ. ಕಣ್ಣಿಗೇನಾಗಿದೆ?"

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟುಕೊಳ್ಳುತ್ತೇನೆ. "ನೇರ ನೋಡಿದ್ದು ಮಸುಕು. ಸುತ್ತಲಿನದು ಕಾಣುತ್ತದೆ. ನೀನು ಎದುರಿಗೆ ಬಂದು ಕುಳಿತರೆ ನಿನ್ನ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ವೈದ್ಯರು ಅಕ್ಷಿಪಟಲದ ನಡುಭಾಗ ಸವೆದಿದೆ, ವಯಸ್ಸಿನದು ಎಂದಿದ್ದಾರೆ. ಪೂರ್ತಿ ಕತ್ತಲಾಗುವುದಿಲ್ಲವಂತೆ, ಅಂಚು ಉಳಿಯುತ್ತದಂತೆ."

ಎರಡು ವರ್ಷವಾಯಿತಂತೆ! ಎರಡು ವರ್ಷದಲ್ಲಿ ಋತುವಿಗೊಂದರಂತೆ ಎಷ್ಟು ಕಾರ್ಡು ಕಳಿಸಿದ್ದೇನೆ. ಯಾವುದಕ್ಕೂ ಅವರು ಮಾರುತ್ತರ ಬರೆಯದೆ ಇದ್ದದ್ದಿಲ್ಲ. ಅಕ್ಷರ ದೊಡ್ಡದಾಗುತ್ತಿದೆ, ಸಾಲು ಓರೆಯಾಗುತ್ತಿದೆ ಎಂದು ನೋಡಿದ್ದೆ, ಕೈ ನಡುಗುತ್ತಿರಬೇಕು ಎಂದುಕೊಂಡಿದ್ದೆ.

"ಹಾಗಾದರೆ ವಸಂತದ ಕಾರ್ಡು? ನೀಲಿ ತುಂಬಾ ಚೆನ್ನಾಗಿ ಬಂದಿದೆ ಎಂದು ಬರೆದಿದ್ದಿರಿ."

"ನೀನು ಒಳಗೆ ಬರೆದಿದ್ದೆಯಲ್ಲ, ಪಕ್ಕದ ಮನೆಯವರಿಂದ ಓದಿಸಿದೆ. ನೀಲಿ ಎಂದು ನಂಬಿದೆ. ದಳಗಳು ಮಾತ್ರ ಕೈಗೆ ಸಿಕ್ಕಿದವು. ಎಣಿಸಿದೆ, ಹನ್ನೊಂದು."

ಆ ನೀಲಿಯ ಬಗ್ಗೆ ನಾನು ಅರ್ಧ ಪುಟ ಬರೆದಿದ್ದೆ. ನೇರಳೆ ಹೂವಿನ ದಳಗಳನ್ನು ತಿರುಳಿಗೆ ಬೆರೆಸಿದ್ದು, ಕಾಗದ ಬೇಗ ಹಳದಿಯಾಗದಿರಲಿ ಎಂದು ಅದೇ ತಿರುಳಿಗೆ ಒಂದು ಚಮಚ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿದ್ದು, ಬೆಳಗ್ಗೆ ನೋಡಿದರೆ ನೇರಳೆಯೆಲ್ಲ ನೀಲಿಗೆ ತಿರುಗಿದ್ದು. ಕೆಂಪು, ನೇರಳೆ ಹೂಗಳಲ್ಲಿರುವ ಆಂಥೊಸಯನಿನ್ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದ ಕಡೆ ವಾಲಿದರೆ ನೀಲಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ತೊಟ್ಟಿಯೊಳಗೆ ಕಣ್ಣೆದುರು ನಡೆದಿತ್ತು. ಅತ್ತೆಗೆ ಹೇಳಲೇಬೇಕು ಎಂದು ಬರೆದೆ. ಅವರು ಅದನ್ನು ಇನ್ನೊಬ್ಬರ ದನಿಯಲ್ಲಿ ಕೇಳಿ, ಹನ್ನೊಂದು ದಳಗಳನ್ನು ಸವರಿಕೊಂಡು ಕುಳಿತಿದ್ದರು. ನಾನೇ ಎಣಿಸಿರಲಿಲ್ಲ.

ಫೋನಿಟ್ಟ ಮೇಲೆ ತುಂಬಾ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಅಂಚು. ಅದರ ಬಗ್ಗೆ ನಾನು ಯಾವತ್ತೂ ಇಷ್ಟು ಯೋಚಿಸಿರಲಿಲ್ಲ. ತಿರುಳು ತುಂಬಿದ ತೊಟ್ಟಿಯೊಳಗೆ ಜರಡಿಯನ್ನು ಮುಳುಗಿಸಿ ಎತ್ತುವಾಗ ಅದರ ಮೇಲೆ ಕೂರುವ ಖಾಲಿ ಚೌಕಟ್ಟೊಂದಿರುತ್ತದೆ, ಡೆಕಲ್. ಹಾಳೆಯ ಅಳತೆಯನ್ನು ಅದು ಕಾಯುತ್ತದೆ. ಆದರೆ ಎಷ್ಟೇ ಬಿಗಿಯಾಗಿ ಹಿಡಿದರೂ ಚೌಕಟ್ಟಿನ ಅಡಿಯಿಂದ ಒಂದಿಷ್ಟು ತಿರುಳು ಹೊರಗೆ ಜಾರುತ್ತದೆ. ಅಲ್ಲಿ ನಾರು ಕಡಿಮೆ, ನೀರು ಹೆಚ್ಚು. ಒಣಗಿದಾಗ ರೆಕ್ಕೆಯ ತುದಿಯಂತೆ ತೆಳುವಾಗಿ, ಏರಿಳಿದು ನಿಲ್ಲುತ್ತದೆ. ಕಾಗದವೆಲ್ಲ ಕೈಯಿಂದಲೇ ಬರುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ಸೊಬಗು ಎಂದು ಕರೆಯುತ್ತಿರಲಿಲ್ಲ, ಪುಸ್ತಕ ಕಟ್ಟುವವರು ಕತ್ತರಿಸಿ ತೆಗೆಯುತ್ತಿದ್ದರು. 1799ರಲ್ಲಿ ಫ್ರಾನ್ಸಿನ ನಿಕೊಲಾ ಲೂಯಿ ರಾಬರ್ ಕಾಗದ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಸುತ್ತುವ ತಂತಿಬಲೆಯ ಮೇಲೆ ಮುಗಿಯದ ಒಂದೇ ಹಾಳೆ, ಆಮೇಲೆ ಅಲಗು. ಅಲಗು ಬಂದ ಮೇಲೆಯೇ ಜಾರಿದ ಅಂಚಿಗೆ ಬೆಲೆ ಬಂದದ್ದು. ಅತ್ತೆಯ ಬೆರಳು ಈ ಇಡೀ ಕಥೆಯನ್ನು ಒಂದು ಸವರಿಕೆಯಲ್ಲಿ ಓದಿಬಿಟ್ಟಿತು.

ಸಮಯವಿರಲಿಲ್ಲ ಎಂಬ ನೆಪ ಈ ಹವ್ಯಾಸದಷ್ಟೇ ಹಳೆಯದು ಎಂಬುದೂ ಗೊತ್ತಿದೆ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅವರಿಗೆ ಎಲ್ಲರಿಗೂ ಶುಭಾಶಯ ಪತ್ರ ಬರೆಯಲು ಪುರುಸೊತ್ತಿರಲಿಲ್ಲ. ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಒಂದು ಚಿತ್ರ ಬರೆಸಿ ಕಾರ್ಡು ಅಚ್ಚು ಹಾಕಿಸಿದರು. ಕ್ರಿಸ್‌ಮಸ್ ಕಾರ್ಡುಗಳ ವ್ಯಾಪಾರ ಶುರುವಾದದ್ದೇ ಅಲ್ಲಿಂದ. ಆದರೆ ಅಚ್ಚಾದ ಆ ಕಾರ್ಡುಗಳಿಗೂ ಬಣ್ಣ ತುಂಬಿದ್ದು ಕೈಯಿಂದ. ಅದನ್ನು ನೆನೆದರೆ ನನ್ನ ನೆಪ ಇನ್ನೂ ಸಣ್ಣದಾಗುತ್ತದೆ.

ಇವತ್ತು ಕಚೇರಿಯಿಂದ ಬಂದಾಗಲೇ ಸೋತಿದ್ದೆ. ಈ ಯೋಚನೆಯ ನಡುವೆ ಮಗಳು ಬಂದು ಹಸಿವು ಎಂದಾಗ ಅವಳ ಮೇಲೆ ಕಾರಣವಿಲ್ಲದೆ ರೇಗಿದೆ. ತಕ್ಷಣ ಬೇಸರವಾಯಿತು. ಊಟವಾದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಕಾರ್ಡುಗಳ ಡಬ್ಬಿ ತೆಗೆದೆ. ಪ್ರತಿ ಸಲ ಒಂದನ್ನು ನನಗಾಗಿ ಉಳಿಸಿಕೊಳ್ಳುತ್ತೇನೆ.

"ಕಣ್ಣು ಮುಚ್ಚಿಕೋ. ಮುಟ್ಟಿ ಏನಿದೆ ಹೇಳು."

ಬೇಸಿಗೆಯ ಸೂರ್ಯ, ಬಣ್ಣದ ಕಾಗದದ ಹನ್ನೆರಡು ಪದರ ಅಂಟಿಸಿ ಮಾಡಿದ್ದು. ಅವಳು ಸವರಿ, "ಮೆಟ್ಟಿಲು" ಎಂದಳು. ಹಿಂದಿನ ಶರದೃತುವಿನ ಕಾರ್ಡು, ಚಂದ್ರ ಮತ್ತು ಬಿಳಿ ಹುಲ್ಲು: "ಏನೂ ಇಲ್ಲ ಅಮ್ಮ, ನಯವಾಗಿದೆ." ಅದಕ್ಕೆ ನಾನು ಜಲವರ್ಣದಲ್ಲಿ ಮೂರು ಸಂಜೆ ಕಳೆದಿದ್ದೆ. ಆಮೇಲೆ ಅವಳೇ ಡಬ್ಬಿಯ ತಳದಿಂದ ಒಂದನ್ನು ಎತ್ತಿಕೊಂಡಳು. ನಾನು ಕೆಟ್ಟುಹೋಯಿತೆಂದು ಬದಿಗಿಟ್ಟಿದ್ದ ಒಂದು ಹಾಳೆ. ಹಾಳೆಯನ್ನು ಜರಡಿಯಿಂದ ಬಟ್ಟೆಯ ಮೇಲೆ ಮಗುಚುವಾಗ ಕೆಳಗೆ ಒಂದು ದಾರ ಬಿದ್ದಿದ್ದನ್ನು ನೋಡಿರಲಿಲ್ಲ. ಹಾಗೆಯೇ ಭಾರವಿಟ್ಟು ಒಣಗಿಸಿದ್ದೆ. ದಾರ ತೆಗೆದರೂ ಅದರ ಹಾದಿ ಹಾಳೆಯಲ್ಲಿ ಉಳಿದಿತ್ತು.

ಅವಳ ತೋರುಬೆರಳು ಆ ಹಾದಿಯಲ್ಲಿ ನಿಧಾನವಾಗಿ ಹೋಯಿತು, ತಿರುವಿನಲ್ಲಿ ನಿಂತಿತು, ಮತ್ತೆ ಹೋಯಿತು. "ಇದು ನದಿ" ಎಂದಳು. ಕಣ್ಣು ತೆರೆಯಲೇ ಇಲ್ಲ, ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದಳು.

ನನಗೆ ಎದ್ದು ಓಡಾಡಬೇಕು ಅನಿಸಿತು. ಎದ್ದು ಓಡಾಡಿದೆ ಕೂಡ.

ಮೊದಲು ಹೊಳೆದದ್ದು ಉಬ್ಬಕ್ಷರ. ಅತ್ತೆಯ ಹೆಸರನ್ನೇ ದೊಡ್ಡದಾಗಿ ಉಬ್ಬಿಸಿ ಬರೆದರೆ? ಆದರೆ ಅದನ್ನು ಎರಡು ಶತಮಾನದ ಹಿಂದೆಯೇ ಮಾಡಿ ನೋಡಿದ್ದಾರೆ. ಪ್ಯಾರಿಸ್ಸಿನಲ್ಲಿ ವಾಲಂತಾಂ ಆಯುಯಿ ಅಂಧ ಮಕ್ಕಳಿಗಾಗಿ 1786ರಲ್ಲಿ ಉಬ್ಬಕ್ಷರದ ಪುಸ್ತಕವನ್ನೇ ಅಚ್ಚು ಹಾಕಿಸಿದ್ದರು. ಒದ್ದೆ ಕಾಗದವನ್ನು ಅಚ್ಚಿನ ಮೊಳೆಗಳ ಮೇಲೆ ಒತ್ತಿ ಮಾಡಿದ್ದು. ಓದಬಹುದಿತ್ತು, ಆದರೆ ಬಹಳ ನಿಧಾನ. ಕಣ್ಣಿಗಾಗಿ ಹುಟ್ಟಿದ ಬಾಗು ಬಳುಕು ಬೆರಳಿಗೆ ಸುಲಭವಾಗಿ ಒದಗುವುದಿಲ್ಲ. ಅದೇ ಶಾಲೆಯಲ್ಲಿ ಓದಿದ ಲೂಯಿ ಬ್ರೈಲ್ 1829ರಲ್ಲಿ ಆರು ಚುಕ್ಕೆಗಳ ತನ್ನ ಲಿಪಿಯನ್ನು ಪ್ರಕಟಿಸಿದ. ನಮ್ಮ ಅಕ್ಷರಗಳಂತೂ ಪೂರ್ತಿ ದುಂಡು. ತಲೆಕಟ್ಟು, ಒತ್ತು, ಸುಳಿ ಎಲ್ಲವೂ ಒಂದೇ ಕಾರ್ಡಿನಲ್ಲಿ ಉಬ್ಬಿ ನಿಂತರೆ ಅತ್ತೆಗೆ ಗೋಜಲೇ ಹೆಚ್ಚು. ಈ ವಯಸ್ಸಿನಲ್ಲಿ ಬ್ರೈಲ್ ಕಲಿಯಿರಿ ಎನ್ನುವ ಧೈರ್ಯವೂ ನನಗಿಲ್ಲ. ಬೇಕಾದರೆ ಅವರೇ ಕೇಳುತ್ತಾರೆ.

ಆದ್ದರಿಂದ ಅಕ್ಷರ ಬೇಡ, ಎಲೆ. ಅದರ ನರಗಳ ಅಚ್ಚು, ಬೆರಳಿಗೆ ಆ ನದಿಯ ಹಾಗೆ.

ಒಂಬತ್ತೂವರೆಗೆ ತೊಟ್ಟಿ ತುಂಬಿಸಿದೆ. ನೆನೆಹಾಕಿದ್ದ ಹತ್ತಿಯ ತಿರುಳು ಇತ್ತು, ಅದನ್ನೇ ಬಳಸಿದೆ. ರದ್ದಿ ಕಾಗದವನ್ನು ಮತ್ತೆ ಮತ್ತೆ ಅರೆದಷ್ಟೂ ನಾರು ತುಂಡಾಗುತ್ತದೆ, ಅಂಥ ಹಾಳೆ ಗೆರೆಗಳನ್ನು ಹಿಡಿದಿಟ್ಟುಕೊಳ್ಳದೆ ಪುಡಿಯಾಗುತ್ತದೆ. ಹತ್ತಿಯ ನಾರು ಉದ್ದ, ಎಲೆಯ ನರಗಳ ಸುತ್ತ ಬಾಗಿ ಕೂರುತ್ತದೆ. ಈ ಸಲ ತಿರುಳು ಗಟ್ಟಿಯಾಗಿರಲಿ ಎಂದು ನೀರು ಕಡಿಮೆ ಮಾಡಿದೆ. ಜರಡಿ ಎತ್ತಿದಾಗ ಎರಡು ಕಡೆಗೂ ಅಲುಗಿಸಿದೆ, ನಾರುಗಳು ಒಂದೇ ದಿಕ್ಕಿಗೆ ಮಲಗದೆ ಹೆಣೆದುಕೊಳ್ಳಬೇಕು. ನೀರು ಸೋರುವ ಆ ಕೆಲವು ಕ್ಷಣಗಳಲ್ಲಿ ಹಾಳೆಯ ಮೇಲಿನ ಹೊಳಪು ಹೋಗಿ ಮಂಕಾಗುತ್ತದಲ್ಲ, ಎಷ್ಟು ವರ್ಷವಾದರೂ ಆಗ ನಾನು ಉಸಿರು ಹಿಡಿದೇ ನೋಡುತ್ತೇನೆ. ಕೆಸರಾಗಿದ್ದದ್ದು ಹಾಳೆಯಾಗುವುದು ಆ ಗಳಿಗೆಯಲ್ಲೇ.

ಬಟ್ಟೆಯ ಮೇಲೆ ಎಲೆಯನ್ನು ಬೆನ್ನು ಮೇಲಾಗಿ ಇಟ್ಟು, ಅದರ ಮೇಲೆ ಹಾಳೆಯನ್ನು ಮಗುಚಿದೆ. ಎಲೆಯ ಬೆನ್ನಿನಲ್ಲೇ ನರಗಳು ಎದ್ದಿರುವುದು. ಸ್ಪಂಜಿನಿಂದ ನೀರು ಹೀರಿ ತೆಗೆಯುತ್ತಾ ನಡುನರದ ಎರಡೂ ಬದಿಯಲ್ಲಿ ಬೆರಳ ತುದಿಯಿಂದ ಒತ್ತಿದೆ. ಮೊದಲ ಹಾಳೆ ಹರಿಯಿತು. ಎರಡನೆಯದರಲ್ಲಿ ಎಲೆ ಜರುಗಿತು. ಮೂರನೆಯದು ಕೂತಿತು. ಅದರ ಮೇಲೆ ಇನ್ನೊಂದು ಬಟ್ಟೆ, ಮೆತ್ತಗಿನ ಕಂಬಳಿಯ ತುಂಡು, ಹಲಗೆ, ಹಲಗೆಯ ಮೇಲೆ ನಿಘಂಟಿನ ಎರಡು ಸಂಪುಟ. ಪೂರ್ತಿ ಒಣಗುವವರೆಗೆ ಅಲುಗಿಸಬಾರದು. ನೀರು ಹೋದಂತೆ ನಾರುಗಳು ಒಂದಕ್ಕೊಂದು ಹತ್ತಿರವಾಗಿ ತಾವೇ ಬೆಸೆದುಕೊಳ್ಳುತ್ತವೆ, ಅಂಟಿನ ಹಂಗಿಲ್ಲದೆ. ಬೆಸೆಯುವ ಹೊತ್ತಿನಲ್ಲಿ ಯಾವ ಆಕಾರದಲ್ಲಿದ್ದವೋ ಅದೇ ಆಕಾರ ನಿಲ್ಲುತ್ತದೆ. ಅರ್ಧ ಒಣಗಿದಾಗ ಕುತೂಹಲಕ್ಕೆ ಎತ್ತಿ ನೋಡಿದರೆ ಹಾಳೆ ಸೊಟ್ಟಗಾಗುತ್ತದೆ, ಗೆರೆ ಸಡಿಲವಾಗುತ್ತದೆ. ಬಟ್ಟೆಗಳನ್ನು ದಿನಕ್ಕೆ ಎರಡು ಸಲ ಬದಲಿಸಬೇಕು, ಬದಲಿಸುವಾಗಲೂ ಎಲೆಯಿಂದ ಹಾಳೆಯನ್ನು ಬಿಡಿಸಬಾರದು. ಹೊರಗೆ ಮಳೆ ಮತ್ತೆ ಶುರುವಾಗಿದೆ. ಬೂಷ್ಟಿನ ಹೆದರಿಕೆ ಇದೆ. ರಾತ್ರಿಯಿಡೀ ಫ್ಯಾನ್ ಓಡಲಿ.

ಒಣಗಿದ ಮೇಲೆ ತೆಳು ಜೆಲಟಿನ್ ಸವರಬೇಕು. ಸಾಮಾನ್ಯವಾಗಿ ಅದನ್ನು ಶಾಯಿ ಹರಡದಿರಲಿ ಎಂದು ಮಾಡುತ್ತೇನೆ. ಈ ಸಲ ಶಾಯಿಯೇ ಇಲ್ಲ. ಮತ್ತೆ ಮತ್ತೆ ಸವರುವ ಬೆರಳಿಗೆ ನಾರು ಎದ್ದು ಜುಂಗಾಗಬಾರದು, ಅದಕ್ಕೆ. ಬಣ್ಣವನ್ನೂ ಹಾಕುವುದಿಲ್ಲ. ಹಾಕಬೇಕೋ? ಅವರಿಗೆ ಸುತ್ತಲಿನದು ಕಾಣುತ್ತದೆ ಎಂದರಲ್ಲ. ಅಂಚಿಗೆ ಮಾತ್ರ ಗಾಢ ಹಳದಿ ತಿರುಳನ್ನು ಬಿಟ್ಟರೆ, ಕಾರ್ಡನ್ನು ಸ್ವಲ್ಪ ಓರೆಯಾಗಿ ಹಿಡಿದಾಗ ಕಂಡೀತೇ? ಅವರನ್ನೇ ಕೇಳಬಹುದು. ಕೇಳಿದರೆ ಕಾರ್ಡು ಬರುವ ಮೊದಲೇ ಗೊತ್ತಾಗಿಬಿಡುತ್ತದೆ.

'ಕೈಯಿಂದ ಮಾಡಿದ್ದು' ಎಂದು ಹಿಂದೆ ಬರೆಯುವುದಿಲ್ಲ.

ಹನ್ನೊಂದು ಗಂಟೆಯಾಯಿತು. ಮಗಳು ಮಲಗುವ ಮುನ್ನ ಹಲಗೆಯ ಹತ್ತಿರ ಹೋಗಿ ಮುಟ್ಟದೆ ನೋಡಿ ಬಂದಳು. "ಅಜ್ಜಿಗೆ ಎಲ್ಲಿಂದ ಶುರು ಮಾಡಬೇಕು ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ನದಿಗೆ ಒಂದು ತುದಿ ಇತ್ತು, ಎಲೆ ಹಾಳೆಯ ನಡುವೆ ಇದೆ, ಅದಕ್ಕೆ ದಾರಿ ಎಲ್ಲಿ ಎಂಬುದು ಅವಳ ಪ್ರಶ್ನೆ. ಸರಿಯಾದ ಪ್ರಶ್ನೆ. ನಾನು ಕಣ್ಣಿಗೆ ಚಂದವಾಗಲಿ ಎಂದು ಎಲೆಯನ್ನು ನಟ್ಟನಡುವೆ ಇಟ್ಟುಬಿಟ್ಟಿದ್ದೇನೆ. ಅತ್ತೆ ಮೊದಲು ಮುಟ್ಟುವುದು ಅಂಚನ್ನು. ಎಲೆಯನ್ನು ಕೆಳಗಿಳಿಸಿ ತೊಟ್ಟು ಅಂಚಿನವರೆಗೆ ಬರುವ ಹಾಗೆ ಇಟ್ಟರೆ, ಹಾಳೆ ತೆಳ್ಳಗಾಗುವ ಕಡೆಯಿಂದಲೇ ಬೆರಳು ತೊಟ್ಟನ್ನು ಹಿಡಿದುಕೊಂಡು ಒಳಗೆ ಬರಬಹುದು, ಅಲ್ಲಿಂದ ನಡುನರ, ನಡುನರದಿಂದ ಬಲಕ್ಕೊಂದು ಎಡಕ್ಕೊಂದು. ಆದರೆ ಅಷ್ಟು ತೆಳುವಾದ ಅಂಚು ತೊಟ್ಟಿನ ದಪ್ಪವನ್ನು ತಡೆದುಕೊಳ್ಳುತ್ತದೆಯೇ, ಅಥವಾ ಅಲ್ಲಿ ಮಾತ್ರ ಇನ್ನೊಂದು ಪದರ ತಿರುಳು ಬೇಕೇ?