ಕನ್ನಂಬಾಡಿ ಕಟ್ಟೆಯ ಮಾದರಿ: ಕೆಲಸ ಎಲ್ಲಿಗೆ ಬಂತು

ಜಲಾಶಯದ ಹಲಗೆ ಒಂದು ಹದಕ್ಕೆ ಬಂದಿದೆ. ನಾಲೆಯ ಹಲಗೆಗೆ ಇನ್ನೂ ಕೈ ಹಚ್ಚಿಲ್ಲ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಮೈಸೂರು ಸಂಸ್ಥಾನ 1911ರಲ್ಲಿ ಕೈಗೆತ್ತಿಕೊಂಡ ಕೆ.ಆರ್.ಎಸ್. (ಕೃಷ್ಣರಾಜಸಾಗರ, ಅಂದರೆ ಕನ್ನಂಬಾಡಿ ಕಟ್ಟೆ) ಯೋಜನೆಯನ್ನು ಕಾರ್ಡ್‌ಬೋರ್ಡಿನಲ್ಲಿ ಮಾಡುತ್ತಿದ್ದೇನೆ. ಕಟ್ಟೆಯೂ ಇರುತ್ತೆ, ಆಗ ಇರ್ವಿನ್ ನಾಲೆ ಅಂತಿದ್ದ ಈಗಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯೂ ಇರುತ್ತೆ.

ಅಳತೆ 1:50,000. ನೆಲದ ಒಂದು ಕಿಲೋಮೀಟರ್ ಇಲ್ಲಿ 2 ಸೆಂಟಿಮೀಟರ್. ಎತ್ತರವನ್ನು ಮಾತ್ರ ಹತ್ತು ಪಟ್ಟು ಹೆಚ್ಚಿಸಿದ್ದೇನೆ. ಇಲ್ಲದಿದ್ದರೆ 130 ಅಡಿಯ ಕಟ್ಟೆ ಒಂದು ಮಿಲಿಮೀಟರ್ ಕೂಡ ಬರಲ್ಲ, ಉಗುರಿಗೂ ಸಿಗಲ್ಲ. ಈಗ 8 ಮಿಲಿಮೀಟರ್ ಬಂದಿದೆ. ಒಂದು ಮಿಲಿಮೀಟರ್ ದಪ್ಪದ ಕಾರ್ಡಿನ ಒಂದೊಂದು ಪದರವೂ 5 ಮೀಟರ್, ಅಂದರೆ ಸುಮಾರು 16 ಅಡಿ.

ಈ ಸಲ ಜಾಸ್ತಿ ತಲೆ ತಿಂದಿದ್ದು ನೀರಿನ ತಳ. ಪುಕ್ಕಟೆ ಸಿಗುವ ನೆಲದ ಎತ್ತರದ ಮಾಹಿತಿಯನ್ನು ಅಮೆರಿಕದ ಬಾಹ್ಯಾಕಾಶ ನೌಕೆ 2000ದ ಫೆಬ್ರವರಿಯಲ್ಲಿ ರೇಡಾರ್ ಹಿಡಿದು ಅಳೆದದ್ದು. ರೇಡಾರ್ ನೀರಿನೊಳಗೆ ಇಳಿಯಲ್ಲ. ಹಾಗಾಗಿ ಕ್ಯೂಜಿಐಎಸ್ ಅನ್ನುವ ನಕ್ಷೆಯ ತಂತ್ರಾಂಶದಲ್ಲಿ ತೆರೆದರೆ ಜಲಾಶಯದ ಜಾಗ ಪೂರ್ತಿ ಚಪ್ಪಟೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರುವ ಕಣಿವೆಯೇ ಮಾಯ.

ದಾರಿ ಸಿಕ್ಕಿದ್ದು ದಿನಪತ್ರಿಕೆಯಲ್ಲಿ. ಮಂಡ್ಯ ಕಡೆಯವರಿಗೆ ಗೊತ್ತೇ ಇದೆ, ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ದಿನಾ ಅಚ್ಚಾಗುತ್ತೆ. ಸೆಂಟಿನೆಲ್ ಉಪಗ್ರಹದ ಫೋಟೋಗಳಲ್ಲಿ ಅದೇ ದಿನಗಳ ನೀರಿನ ಅಂಚು ಕಾಣುತ್ತೆ. ಮಟ್ಟ 110 ಅಡಿ ಇದ್ದ ದಿನದ ಅಂಚನ್ನು ಗೀಚಿಕೊಂಡರೆ ಅದೇ 110 ಅಡಿಯ ಗೆರೆ. 100ಕ್ಕೆ ಇಳಿದ ದಿನದ್ದು ಇನ್ನೊಂದು ಗೆರೆ. ಹೀಗೆ ಒಂದೊಂದೇ ಪದರ ಕತ್ತರಿಸುತ್ತಾ ಕೆಳಗಿಳಿದೆ. ಮಳೆ ಕೈಕೊಟ್ಟ ವರ್ಷಗಳೇ ಇಲ್ಲಿ ಉಪಕಾರಕ್ಕೆ ಬಂದವು ಅನ್ನುವುದು ಹೇಳಲು ಸ್ವಲ್ಪ ಮುಜುಗರ. 2024ರ ಬೇಸಿಗೆಯಲ್ಲಿ ಮಟ್ಟ 80ರ ಚಿಲ್ಲರೆಗೆ ಇಳಿದಿತ್ತಲ್ಲ, ಆಗಿನ ಫೋಟೋ ನನಗೆ ಚಿನ್ನ. ಅದಕ್ಕಿಂತ ಕೆಳಗಿನದನ್ನು ಅಂದಾಜಿನಲ್ಲಿ ಎಳೆದಿದ್ದೇನೆ. ಹೂಳು ತುಂಬಿರುವುದರಿಂದ 1911ರ ತಳ ಇನ್ನೂ ಆಳವಾಗಿಯೇ ಇದ್ದಿರಬೇಕು.

ಆ ಬೇಸಿಗೆಯ ಗೆರೆ ಇನ್ನೊಂದು ಕಾರಣಕ್ಕೂ ಮುಖ್ಯ. ಮದ್ರಾಸ್ ಸರ್ಕಾರ ಮೊದಲು ಒಪ್ಪಿದ್ದು ಹೆಚ್ಚುಕಮ್ಮಿ ಇಷ್ಟೇ ಕೆರೆಗೆ: 80 ಅಡಿ, 11 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ನಮಗೆ ಬರಗಾಲದ ಕಟ್ಟೆ ಅನ್ನಿಸುವುದು ಅವರಿಗೆ ಸಾಕಾದಷ್ಟು ದೊಡ್ಡ ಕಟ್ಟೆ!

ಪದರಗಳನ್ನು ಅಂಟಿಸಿದ ಮೇಲೆ ರವೆ ಸುರಿದು ಅಳೆದೆ. ಈ ಅಳತೆಗೆ ಲೆಕ್ಕ ಹಾಕಿದರೆ 80 ಅಡಿವರೆಗೆ 25 ಮಿಲಿಲೀಟರ್ ಹಿಡಿಯಬೇಕು. ಪೂರ್ತಿ ಮಟ್ಟ 124.80 ಅಡಿ, 49.45 ಟಿಎಂಸಿ. ಅದಕ್ಕೆ 112 ಮಿಲಿಲೀಟರ್. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಸುರಿದು, ಸ್ಕೇಲಿನಿಂದ ಮಟ್ಟ ಮಾಡಿದರೆ ಉತ್ತರ ಹತ್ತಿರ ಹತ್ತಿರ ಬಂತು. ಮೇಲೆ ಸ್ವಲ್ಪ ಜಾಸ್ತಿ ಹಿಡಿಯುತ್ತಿದೆ, ಕಾರ್ಡಿನ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಇರುವುದರಿಂದ. ಆದರೆ ಕಣ್ಣಿಗೆ ಹೊಡೆದಿದ್ದು ಬೇರೆ. ಕೆಳಗಿನ ಐದು ಪದರಕ್ಕೆ ಎರಡೂವರೆ ಮುಚ್ಚಳ ರವೆ, ಮೇಲಿನ ಮೂರಕ್ಕೂ ಕಡಿಮೆ ಪದರಕ್ಕೆ ಸುಮಾರು ಒಂಬತ್ತು ಮುಚ್ಚಳ. ಮೇಲೆ ಹೋದಂತೆ ಕಣಿವೆ ಅಷ್ಟು ಅಗಲವಾಗುತ್ತೆ. ಎರಡು ಸರ್ಕಾರಗಳ ಜಗಳ ಇದ್ದಿದ್ದೂ ಆ ಮೇಲಿನ 44 ಅಡಿಗೇ.

ಜಗಳಕ್ಕೆ ಬೇರು 1892ರ ಒಪ್ಪಂದ. ಪಟ್ಟಿಯಲ್ಲಿರುವ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮೊದಲು ಮದ್ರಾಸಿನ ಒಪ್ಪಿಗೆ ಬೇಕಿತ್ತು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇದ್ದರು, ನಿಜ. ಆದರೆ ತಮ್ಮ ನೆಲದಲ್ಲಿ ತಾವೇ ಕಟ್ಟೆ ಹಾಕಲು ಪಕ್ಕದ ಬ್ರಿಟಿಷ್ ಪ್ರಾಂತ್ಯಕ್ಕೆ ಅರ್ಜಿ ಹಾಕಬೇಕಿತ್ತು. ಆ ಪ್ರಾಂತ್ಯವೋ ಮೆಟ್ಟೂರಿನಲ್ಲಿ ತನ್ನದೇ ದೊಡ್ಡ ಅಣೆಕಟ್ಟಿನ ಲೆಕ್ಕ ಹಾಕುತ್ತಿತ್ತು. ಮೈಸೂರಿಗೂ ಅವಸರ ಇತ್ತು. 1902ರಿಂದ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು, ಬೇಸಿಗೆಯಲ್ಲಿ ನದಿ ಸೊರಗಿದರೆ ಅದಕ್ಕೂ ಕುತ್ತು. ಗಣಿ ಇಂಗ್ಲಿಷ್ ಕಂಪನಿಯದ್ದು. ರೈತರಿಗೆ ನೀರು ಅನ್ನುವುದಕ್ಕಿಂತ ಗಣಿಗೆ ಕರೆಂಟು ಅಂದರೆ ಮೇಲಿನವರ ಕಿವಿಗೆ ಬೇಗ ಬೀಳುತ್ತಿತ್ತು ಅಂತ ನನ್ನ ಅನಿಸಿಕೆ.

1909ರಲ್ಲಿ ಚೀಫ್ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಎರಡು ಹಂತದ ಯೋಜನೆ ಮಾಡಿದರು. ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ, ಅಡಿಪಾಯ ಹಾಕಿದ್ದು 41.5 ಟಿಎಂಸಿಯ ಕಟ್ಟೆಗೆ! ಇದನ್ನು ತೋರಿಸಲಿಕ್ಕೆಂದೇ ಗೋಡೆಯ ಅಡ್ಡಸೀಳಿಕೆಯನ್ನು 1:200 ಅಳತೆಯಲ್ಲಿ ಬೇರೆಯಾಗಿ ಮಾಡಿದ್ದೇನೆ. ಮೇಲಿನ ಭಾಗ ಬಿಚ್ಚಿ ತೆಗೆಯಬಹುದು. ತೆಗೆದಿಟ್ಟು ನೋಡಿ: ಸುಮಾರು 12 ಸೆಂಟಿಮೀಟರ್ ಎತ್ತರದ ಗೋಡೆ, ಬುಡ ಮಾತ್ರ 20 ಸೆಂಟಿಮೀಟರ್ ಎತ್ತರದ ಗೋಡೆಗೆ ಬೇಕಾದಷ್ಟು ದಪ್ಪ. ಕಲ್ಲಿನ ಗೋಡೆ ತನ್ನ ಭಾರದಿಂದಲೇ ನೀರನ್ನು ತಡೆದು ನಿಲ್ಲಬೇಕು, ಎತ್ತರ ಏರಿಸಬೇಕಾದರೆ ಬುಡ ಮೊದಲೇ ಅಗಲ ಇರಬೇಕು. ಎಂಜಿನಿಯರ್ ಆದವರಿಗೆ ಈ ಬುಡ ನೋಡಿದರೆ ಸಾಕು, ಮುಂದಿನ ಯೋಚನೆ ಗೊತ್ತಾಗುತ್ತೆ. ಮದ್ರಾಸಿಗೂ ಗೊತ್ತಾಯಿತು, ತಕರಾರು ಎದ್ದಿತು. ಇದನ್ನು ಜಾಣತನ ಅನ್ನಿ, ಹಟ ಅನ್ನಿ. ನಾನಂತೂ ಹಟದ ಪಕ್ಷ.

ಮುಂದಿನದ್ದು ಕಾಗದದ ಕಾಳಗ. 1914ರಲ್ಲಿ ಪಂಚರಾಗಿದ್ದ ಗ್ರಿಫಿನ್ ಬಹುಮಟ್ಟಿಗೆ ಮೈಸೂರಿನ ಪರ ತೀರ್ಪು ಕೊಟ್ಟರು, 1916ರಲ್ಲಿ ಭಾರತ ಸರ್ಕಾರ ಅದನ್ನು ಒಪ್ಪಿತು, ಮದ್ರಾಸ್ ಲಂಡನ್ನಿಗೆ ದೂರು ಒಯ್ದಿತು, 1919ರಲ್ಲಿ ಅಲ್ಲಿಂದ ತಡೆ ಬಂತು. ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮೈಸೂರಿಗೆ ಪೂರ್ತಿ ಕಟ್ಟೆ ಮತ್ತು ಅದರ ಕೆಳಗೆ 1,25,000 ಎಕರೆ ಹೊಸ ನೀರಾವರಿ, ಮದ್ರಾಸಿಗೆ 93.5 ಟಿಎಂಸಿಯ ಮೆಟ್ಟೂರು.

ಆ ಒಪ್ಪಂದದಲ್ಲಿ ನನ್ನ ಮಾದರಿಗೆ ತಲೆನೋವು ತಂದದ್ದು ತಿರುಚಿನಾಪಳ್ಳಿ ಹತ್ತಿರದ ಮೇಲಣೆಕಟ್ಟಿನ ಅಳತೆಕೋಲು. ಕೆ.ಆರ್.ಎಸ್.ನಲ್ಲಿ ನೀರು ಹಿಡಿದಿಡುವ ಮೊದಲು ಅಲ್ಲಿನ ಹರಿವು ಕನಿಷ್ಠ ಇಷ್ಟಿರಬೇಕು ಅನ್ನುವ ತಿಂಗಳಿಗೊಂದು ಮಿತಿ ನೋಡಬೇಕಿತ್ತು. ಜೂನ್‌ನಲ್ಲಿ ಆರೂವರೆ ಅಡಿ, ಜುಲೈ, ಆಗಸ್ಟ್‌ನಲ್ಲಿ ಏಳೂವರೆ, ಜನವರಿಗೆ ಮೂರು. ಕನ್ನಂಬಾಡಿಯ ತೂಬು ಯಾವಾಗ ಮುಚ್ಚಬೇಕು ಅಂತ ಹೇಳುತ್ತಿದ್ದ ಕೋಲು ಇದ್ದದ್ದು 277 ಕಿಲೋಮೀಟರ್ ಆಚೆ! ನನ್ನ ಅಳತೆಯಲ್ಲಿ ಐದೂವರೆ ಮೀಟರ್. ಹಲಗೆ ಇಟ್ಟಿರುವ ಮೇಜಿನಿಂದ ಅಳೆದರೆ ಅದು ಪಕ್ಕದ ಮನೆಯವರ ಅಡುಗೆಮನೆಗೆ ಬೀಳುತ್ತೆ. ಹಾಗಾಗಿ ಸುಮ್ನೆ ಹಲಗೆಯ ಅಂಚಿನಲ್ಲಿ ಒಂದು ಬಾಣದ ಗುರುತು, ದೂರ, ತಿಂಗಳುವಾರು ಮಿತಿ ಬರೆದು ಅಂಟಿಸುತ್ತೇನೆ. ಇದನ್ನು ಬಿಟ್ಟು ಕಟ್ಟೆಯನ್ನಷ್ಟೇ ತೋರಿಸಿದರೆ ಅರ್ಧ ಯೋಜನೆ ತೋರಿಸಿದ ಹಾಗೆ.

ಗೋಡೆಗೆ ಬಣ್ಣ ಹಚ್ಚಿ ಆಯಿತು. ಇಟ್ಟಿಗೆ ಪುಡಿ, ಸುಣ್ಣ ಕಲಸಿದ ಸುರ್ಕಿ ಗಾರೆಯ ಕಟ್ಟಡ ಅದು, ಕಲ್ಲಿನ ಸಂದಿಗಳಿಗೆ ಒಂಚೂರು ಕೆಂಪು ಬೆರೆಸಿದೆ. ಹಳೇ ಕನ್ನಂಬಾಡಿ ಊರು ಮತ್ತು ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಮುಳುಗಿದ ಪದರಗಳ ಮೇಲೆ ಗುಂಡುಸೂಜಿ ಚುಚ್ಚಿದ್ದೇನೆ.

ಇನ್ನು ನಾಲೆ. ಇಲ್ಲಿ ಅಳತೆಯ ಕಷ್ಟ ಬೇರೆ ಥರ. ನಾಲೆ ಮೈಲಿಗೆ ಅಡಿ ಲೆಕ್ಕದಲ್ಲಿ ಇಳಿಯುತ್ತೆ, ಹತ್ತು ಪಟ್ಟು ಹೆಚ್ಚಿಸಿದರೂ ಹತ್ತು ಮೈಲಿಗೆ ಒಂದು ಕಾರ್ಡಿನ ದಪ್ಪ ಇಳಿಯುವುದೇ ಕಷ್ಟ. ರೇಡಾರ್ ಅಳೆದ ಎತ್ತರದಲ್ಲಿ ತಪ್ಪೇ ಹಲವು ಮೀಟರ್ ಇರುವುದರಿಂದ ಅದನ್ನು ನಂಬಿ ನಾಲೆ ಎಳೆದರೆ ನೀರು ಮೇಲಕ್ಕೆ ಹತ್ತುತ್ತೆ! ಫೋಟೋದಲ್ಲಿ ಕಾಣುವ ನಾಲೆಯನ್ನೇ ಗೀಚಿಕೊಂಡು, ನೆಲವನ್ನು ಅದಕ್ಕೆ ಹೊಂದಿಸುವುದು ಸರಿ ಅನ್ನಿಸಿದೆ.

ಹುಲಿಕೆರೆ ಸುರಂಗದ ಹತ್ತಿರ ದಿಬ್ಬವನ್ನು ಕತ್ತರಿಸಿ ಒಂದು ಕಿಟಕಿ ಬಿಡುತ್ತೇನೆ. ದಿಬ್ಬ ಸುತ್ತಿ ಹೋಗುವ ಬದಲು ಕೊರೆದೇ ಮಂಡ್ಯದ ಕಡೆಗೆ ನೀರು ತಂದರು. ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ನನ್ನ ಹಲಗೆಯಲ್ಲಿ ಐದೂವರೆ ಸೆಂಟಿಮೀಟರ್. ಅಲ್ಲಿಂದ ಕೆಳಗೆ ಅಚ್ಚುಕಟ್ಟಿಗೆ ಮೂರು ಬಣ್ಣ: ಭತ್ತ, ಕಬ್ಬು, ಅರೆ ಖುಷ್ಕಿ (ಕಡಿಮೆ ನೀರಿನ ಬೆಳೆ). ಒಂದೇ ಬೆಳೆಗೆ ನೀರೆಲ್ಲ ಹೋಗದಿರಲಿ ಅಂತ ಮಾಡಿದ್ದ ಬ್ಲಾಕ್ ಪದ್ಧತಿ. ಈಗ ಅಲ್ಲಿ ಹೋಗಿ ಅರೆ ಖುಷ್ಕಿ ಎಲ್ಲಿ ಅಂತ ಕೇಳಿದರೆ ನಗುತ್ತಾರೆ, ಅಲ್ವಾ? 1933ರ ಮಂಡ್ಯ ಸಕ್ಕರೆ ಕಾರ್ಖಾನೆಗೂ ಒಂದು ಪುಟ್ಟ ಚಿಮಣಿ ಇಡಬೇಕು. ತುರುಗನೂರು ಶಾಖೆ ಹಲಗೆಯ ಅಂಚು ದಾಟಿ ತೆಂಕಣಕ್ಕೆ ಹೋಗುತ್ತೆ, ಅದಕ್ಕೆ ಒಂದು ಪಟ್ಟಿ ಜೋಡಿಸಬೇಕು. ಮುಂದಿನ ವಾರ ಆ ಪಟ್ಟಿ ಕತ್ತರಿಸುವುದರಿಂದಲೇ ಶುರು.