ಅಷ್ಟು ಹಾಡಿದ್ದಾರೆ ಅಂದ್ರೆ ಸುಖವಾಗಿದ್ದರಾ?

ಅಮೆರಿಕದ ಕಪ್ಪು ಜನರ ಸ್ಪಿರಿಚುವಲ್ ಹಾಡುಗಳನ್ನು, ಅಂದ್ರೆ ಗುಲಾಮಗಿರಿಯ ಕಾಲದಲ್ಲಿ ಅವರು ಕಟ್ಟಿದ ದೇವರ ಹಾಡುಗಳನ್ನು, ಯಾರಿಗೇ ಕೇಳಿಸಿದರೂ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಗುಲಾಮರು ಇಷ್ಟು ಚೆನ್ನಾಗಿ ಹಾಡಿಕೊಂಡಿದ್ದರು ಅಂದ್ರೆ, ಅಷ್ಟೇನೂ ಕಷ್ಟ ಇರಲಿಲ್ಲ ಅಲ್ವಾ?"

ಇತ್ತು. ಕಷ್ಟ ಇದ್ದಿದ್ದಕ್ಕೇ ಹಾಡಿದರು. ಇದೇ ಮಾತು ಕೇಳಿ ದಂಗಾದ ಒಬ್ಬರು 1845ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಅವರು ಫ್ರೆಡರಿಕ್ ಡಗ್ಲಸ್. ಮೇರಿಲ್ಯಾಂಡ್‌ನಲ್ಲಿ ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದವರು. ತಿಂಗಳ ರೇಷನ್ ತರಲು ಧಣಿಯ ದೊಡ್ಡ ಮನೆಗೆ ಹೋಗುವವರು ಕಾಡಿನ ದಾರಿಯುದ್ದಕ್ಕೂ ಹಾಡುತ್ತಿದ್ದದ್ದನ್ನು ಆತ್ಮಕಥೆಯಲ್ಲಿ ನೆನೆಯುತ್ತಾರೆ. ದುಃಖ ಜಾಸ್ತಿಯಾದಾಗಲೇ ಗುಲಾಮರು ಜಾಸ್ತಿ ಹಾಡುವುದು. ಅತ್ತರೆ ಎದೆ ಹಗುರಾಗುವ ಹಾಗೆ ಹಾಡಿದರೂ ಹಗುರಾಗುತ್ತದೆ, ಅಷ್ಟೇ ಅನ್ನುತ್ತಾರೆ. ಇದನ್ನು ಬರೆಯುವಾಗಲೇ ಅವರ ಕೆನ್ನೆ ಒದ್ದೆಯಾಗಿತ್ತಂತೆ.

ಹಾಡುವುದೂ ಸುಲಭವಿರಲಿಲ್ಲ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡೋಲು ಬಾರಿಸುತ್ತಾ ದಂಗೆ ಎದ್ದರು. ಮರುವರ್ಷ ಅಲ್ಲಿ ಡೋಲಿಗೇ ನಿಷೇಧ ಬಂತು. ಆದರೆ ಕೈ ಕಾಲು ಇದ್ದವಲ್ಲ! ದುಂಡಗೆ ಸುತ್ತುತ್ತಾ, ಪಾದ ನೆಲಕ್ಕೆ ಉಜ್ಜುತ್ತಾ, ಚಪ್ಪಾಳೆ ತಟ್ಟುತ್ತಾ ಹಾಡಿದರು. ಇದಕ್ಕೆ ರಿಂಗ್ ಶೌಟ್ ಅನ್ನುತ್ತಾರೆ. ಕಾಲಿಗೆ ಕಾಲು ಅಡ್ಡ ಹಾಕುವಂತಿಲ್ಲ. ಹಾಕಿದರೆ ಅದು ಕುಣಿತ, ಪ್ರಾರ್ಥನೆಯಲ್ಲ. ಒಬ್ಬರು ಎತ್ತಿಕೊಟ್ಟ ಸಾಲಿಗೆ ಉಳಿದವರು ದನಿಗೂಡಿಸುವುದು ಆಫ್ರಿಕಾದಿಂದ ಬಂದ ರೀತಿ. ಕಥೆಗಳು ಬೈಬಲ್ಲಿನವು, ಅದರಲ್ಲೂ ಮೋಶೆ ತನ್ನ ಜನರನ್ನು ಈಜಿಪ್ಟಿನಿಂದ ಬಿಡಿಸಿಕೊಂಡು ಬಂದದ್ದು. ಕಾನಾನ್, ಅಂದ್ರೆ ದೇವರು ಆ ಜನರಿಗೆ ಕೊಡುತ್ತೇನೆಂದ ನಾಡು, ಅಂತ ಹಾಡುವಾಗ ನಮ್ಮ ಮನಸ್ಸಲ್ಲಿ ಇದ್ದದ್ದು ಗುಲಾಮಗಿರಿಯಿಲ್ಲದ ಉತ್ತರದ ಸೀಮೆ ಅಂತ ಡಗ್ಲಸ್ ಅವರೇ ಹೇಳಿದ್ದಾರೆ.

ನನ್ನನ್ನು ತುಂಬಾ ಕಾಡುವುದು ಒಂದು ಕಡಾಯಿ. ರಾತ್ರಿ ಕದ್ದುಮುಚ್ಚಿ ಪ್ರಾರ್ಥನೆಗೆ ಸೇರಿದಾಗ ಬಾಗಿಲ ಹತ್ತಿರ ಕಬ್ಬಿಣದ ಕಡಾಯಿ ಬೋರಲು ಹಾಕುತ್ತಿದ್ದರು. ದನಿಯೆಲ್ಲ ಅದರೊಳಗೇ ಸೇರಿಕೊಳ್ಳುತ್ತದೆ, ಧಣಿಯ ಕಿವಿಗೆ ಬೀಳುವುದಿಲ್ಲ ಅನ್ನೋ ನಂಬಿಕೆ. ಬಿಡುಗಡೆಯಾಗಿ ಎಷ್ಟೋ ವರ್ಷದ ಮೇಲೆ ಮುದುಕ ಮುದುಕಿಯರು ಇದನ್ನು ನೆನಪಿಸಿಕೊಂಡಿದ್ದಾರೆ. ಸುಖವಾಗಿದ್ದವರು ಹಾಡೋಕೆ ಮುಂಚೆ ಕಡಾಯಿ ಹುಡುಕುತ್ತಾರಾ?

ಬಿಡುಗಡೆಯಾದ ಮೇಲೂ ಇವು ಒಳಗೇ ಉಳಿದವು. ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಸೈನ್ಯದ ಹಳೇ ಆಸ್ಪತ್ರೆ ಶೆಡ್ಡುಗಳಲ್ಲಿ, ಬಿಡುಗಡೆಯಾದ ಕಪ್ಪು ಜನರಿಗಾಗಿ ಫಿಸ್ಕ್ ಶಾಲೆ ಶುರುವಾಯಿತು. ಅಲ್ಲಿನ ಮಕ್ಕಳು ಈ ಹಾಡುಗಳನ್ನು ನಾಲ್ಕು ಜನರ ಮುಂದೆ ಹಾಡುತ್ತಿರಲಿಲ್ಲ. ಅವು ಅಪ್ಪ ಅಮ್ಮಂದಿರ ಪಾಲಿಗೆ ದೇವರ ಹಾಡುಗಳು, ಜೊತೆಗೆ ಆ ಕೆಟ್ಟ ಕಾಲದವು. ನಮ್ಮನಮ್ಮಲ್ಲೇ, ನೆಲದ ಮೇಲೆ ಕೂತು, ಮೆಲ್ಲಗೆ ಹಾಡಿ ಕಲಿತೆವು ಅಂತ ಅವರಲ್ಲೊಬ್ಬರಾದ, ಪಿಯಾನೊ ನುಡಿಸುತ್ತಿದ್ದ ಎಲಾ ಶೆಪರ್ಡ್ ಬರೆದಿದ್ದಾರೆ. 1871ರ ಅಕ್ಟೋಬರ್ 6ರಂದು ಒಂಬತ್ತು ಜನ ಶಾಲೆಗೆ ದುಡ್ಡು ಕೂಡಿಸಲು ಊರೂರು ಹೊರಟರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೂ ಹಾಡಿದರು. ಆ ದುಡ್ಡಲ್ಲಿ ಕಟ್ಟಿದ ಜುಬಿಲಿ ಹಾಲ್ ಇವತ್ತಿಗೂ ನಿಂತಿದೆ.

ನಮ್ಮ ಸ್ಕೂಲುಗಳ ‘ಹಮ್ ಹೋಂಗೇ ಕಾಮ್‌ಯಾಬ್’ ಕೂಡ ಇದೇ ಬಳ್ಳಿಯದು. ಕಪ್ಪು ಜನರ ಚರ್ಚಿನ ಹಾಡೊಂದನ್ನು 1945ರಲ್ಲಿ ಚಾರ್ಲ್‌ಸ್ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹೆಂಗಸರು ಹಾಡಿದರು. ಅಲ್ಲಿಂದ ಅದು ನಾಗರಿಕ ಹಕ್ಕಿನ ಚಳವಳಿಗೆ ಹೋಯಿತು, ಆಮೇಲೆ ಹಿಂದಿಗೂ ಬಂತು. ಮೈದಾನದಲ್ಲಿ ಸಾಲಾಗಿ ನಿಂತು ಗಂಟಲು ಹರಿಯುವ ಹಾಗೆ ಹಾಡುವಾಗ ನನಗೆ ಆ ಕಡಾಯಿಯ ವಿಷಯ ಗೊತ್ತಿರಲಿಲ್ಲ.